ಸ್ಟೀಫನ್ ಕಿಂಗ್ ಮೆಚ್ಚಿದ ಕಾದಂಬರಿ

ಅಮೆರಿಕದಲ್ಲಿ ಸ್ಟೀಫನ್ ಕಿಂಗ್ ಒಂದು ಕಾದಂಬರಿಯನ್ನು ಮೆಚ್ಚಿದರೆ ಅದು ಅಂಗಡಿಯ ಮುಂದಿನ ಸಾಲಿಗೆ ಬಂದುಬಿಡುತ್ತೆ. ಕೋಟಿಗಟ್ಟಲೆ ಪ್ರತಿ ಮಾರಿದವನ ಮಾತಿಗೆ ಆ ತೂಕ. 2023ರಲ್ಲಿ ಕಿಂಗ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಮೆಚ್ಚಿ ಬರೆದದ್ದು ವರ್ಜೀನಿಯಾದ ಕಪ್ಪು ಲೇಖಕ ಎಸ್.ಎ. ಕಾಸ್ಬಿಯ 'ಆಲ್ ದ ಸಿನ್ನರ್ಸ್ ಬ್ಲೀಡ್' ಬಗ್ಗೆ. ಒಳ್ಳೆಯದೇ ಆಯಿತು. ಆದರೆ ಇಂಥ ಶಿಫಾರಸಿನಿಂದ ಬರುವ ಓದುಗ ಕೊಲೆಗಾರ ಯಾರು ಅಂತ ಹುಡುಕುತ್ತಾ ಪುಟ ತಿರುಗಿಸ್ತಾನೆ. ಕಾಸ್ಬಿ ಕೇಳುವುದೇ ಬೇರೆ: ಯಾರ ಸಾವು ಲೆಕ್ಕಕ್ಕೆ ಬರುತ್ತೆ?

ಊರೆಲ್ಲ ಗೌರವಿಸುವ ಬಿಳಿ ಮೇಷ್ಟ್ರನ್ನು ಕಪ್ಪು ಹುಡುಗನೊಬ್ಬ ಗುಂಡಿಟ್ಟು ಕೊಲ್ಲುತ್ತಾನೆ. ಬಿಳಿ ಪೊಲೀಸರು ಅವನನ್ನು ಅಲ್ಲೇ ಮುಗಿಸುತ್ತಾರೆ. ಆಮೇಲೆ ಗೊತ್ತಾಗುತ್ತೆ, ಕಪ್ಪು ಮಕ್ಕಳ ಕೊಲೆಗಳಲ್ಲಿ ಆ ಮೇಷ್ಟ್ರೂ ಪಾಲುದಾರ. ಮೇಷ್ಟ್ರಿಗಾಗಿ ಅತ್ತ ಊರಿಗೆ, ಮಣ್ಣಡಿ ಸಿಕ್ಕ ಮಕ್ಕಳು ಯಾರೆಂಬುದೇ ಗೊತ್ತಿಲ್ಲ! ತನಿಖೆ ಮಾಡುವ ಟೈಟಸ್ ಕ್ರೌನ್ ಆ ಕೌಂಟಿ ಆರಿಸಿದ ಮೊದಲ ಕಪ್ಪು ಶೆರಿಫ್. ಬಿಳಿಯರಿಗೆ ಅವನ ಬಣ್ಣದ ಮೇಲೆ ಅನುಮಾನ, ತನ್ನವರಿಗೆ ಅವನ ಸಮವಸ್ತ್ರದ ಮೇಲೆ. ಮೀಸಲು ಕ್ಷೇತ್ರದಿಂದ ಗೆದ್ದವರ ಪಾಡು ನೋಡಿದ ನಮಗೆ ಈ ಇಕ್ಕಟ್ಟು ಹೊಸದೇನಲ್ಲ ಬಿಡಿ.

ಕಾದಂಬರಿಯ ವೇಗವನ್ನು ಹೊಗಳೋದು ಸುಲಭ. ದಲಿತ ಓದು ನಿಲ್ಲಬೇಕಾದದ್ದು ಆ ಹೆಸರಿಲ್ಲದ ಮಕ್ಕಳ ಹತ್ತಿರ. ನಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ ಕೇರಿಯ ಹೆಣಕ್ಕಾಗಿ ಪತ್ತೇದಾರ ಬಂದದ್ದನ್ನು ನಾನಂತೂ ಓದಿಲ್ಲ. ಕಂಬಾಲಪಲ್ಲಿಯಲ್ಲಿ 2000ನೇ ಇಸವಿಯಲ್ಲಿ 7 ಜನ ದಲಿತರನ್ನು ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು.