ಮಾದಪ್ಪನ ಹೆಸರು, ಮೈಸೂರಿನ ಗಿಟಾರು

ಕನ್ನಡ ರಾಕ್ ಸಂಗೀತದ ಮಾತು ಬಂದಾಗಲೆಲ್ಲ ಎರಡು ತೀರ್ಪುಗಳು ಜೋಡೆತ್ತಿನ ಹಾಗೆ ಒಂದೇ ನೊಗಕ್ಕೆ ಬಂದು ನಿಲ್ಲುತ್ತವೆ. ಒಂದು, ಸಾಯಲು ಬಿದ್ದಿದ್ದ ಜನಪದ ಹಾಡಿಗೆ ಗಿಟಾರು ಜೀವ ತುಂಬಿತು. ಇನ್ನೊಂದು, ರಘು ದೀಕ್ಷಿತ್ ಅವರ 2008ರ ಮೊದಲ ಆಲ್ಬಂನಲ್ಲಿ ಮಣ್ಣಿನ ವಾಸನೆ ಇತ್ತು, 2013ರ ‘ಜಗ್ ಚಂಗಾ’ ಹೊತ್ತಿಗೆ ಅದಕ್ಕೆ ಪಾಲಿಶ್ ಬಿದ್ದು ವಾಸನೆ ಹೋಯಿತು. ಹೊಗಳುವವರೂ ತೆಗಳುವವರೂ ಇಷ್ಟನ್ನು ಒಪ್ಪಿಕೊಂಡೇ ಜಗಳಕ್ಕೆ ಇಳಿಯುತ್ತಾರೆ. ನನಗಂತೂ ಮೊದಲನೆಯದು ಹಸಿ ಸುಳ್ಳು, ಎರಡನೆಯದು ಕಿವಿ ಕೊಡದೆ ಆಡಿದ ಮಾತು.

ಸಾಯಲು ಬಿದ್ದಿದ್ದವರು ಯಾರು ಸ್ವಾಮಿ? ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಒಮ್ಮೆ ಹೋಗಿ ಬನ್ನಿ. ಚಂದ್ರಮಂಡಲಕ್ಕೆ ಬೆಂಕಿ ಹತ್ತಿದ ರಾತ್ರಿಯಿಂದ ಐದು ದಿನ ಅಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ, ಗಗ್ಗರ, ದಮ್ಮಡಿಗಳದ್ದೇ ಸದ್ದು. ಮಂಟೇಸ್ವಾಮಿ ಕಲ್ಯಾಣಕ್ಕೆ ಹೋಗಿ ಬಸವಣ್ಣನನ್ನೇ ಪರೀಕ್ಷೆ ಮಾಡಿದ್ದು, ಕೆಂಪಾಚಾರಿಯನ್ನು ಸಿದ್ದಪ್ಪಾಜಿ ಮಾಡಿದ್ದು, ಆ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗಿ ಪಡಬಾರದ ಪಾಡು ಪಟ್ಟು ಗೆದ್ದು ಬಂದದ್ದು, ಎಲ್ಲ ಇನ್ನೂ ಬಾಯಲ್ಲೇ ಇದೆ. ಶಿವರಾತ್ರಿಗೋ ಯುಗಾದಿಗೋ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟದ ದಾರಿ ಹಿಡಿದರೆ ಕಂಸಾಳೆ ಕೇಳುತ್ತದೆ. ಈ ಕಥೆಗಳನ್ನು ಹಾಡಿದ ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟು ನಮ್ಮ ಕಡೆಯ ಬಸ್ಸು, ಟೀ ಅಂಗಡಿ, ಟ್ರ್ಯಾಕ್ಟರುಗಳಲ್ಲಿ ಎಷ್ಟು ಓಡಿತು ಎಂದರೆ ಟೇಪು ಸವೆದು ಸ್ವರ ಅಲ್ಲಾಡುತ್ತಿದ್ದರೂ ಜನ ಕೇಳುತ್ತಿದ್ದರು. ನೀಲಗಾರರ ಮನೆಗಳಲ್ಲಿ ಬಡತನ ಇದೆ, ಹುಡುಗರು ತಂಬೂರಿ ಹಿಡಿಯುತ್ತಿಲ್ಲ ಎಂಬ ಕೊರಗೂ ಇದೆ. ಅದು ಹೊಟ್ಟೆಯ ಪ್ರಶ್ನೆ. ಬೆಂಗಳೂರಿನ ವೇದಿಕೆಯಿಂದ ಯಾರೋ ಬಂದು ಜೀವ ತುಂಬಲಿ ಎಂದು ಅವರು ಕಾದು ಕೂತಿರಲಿಲ್ಲ.

ಗಿಟಾರು ಜೀವ ತುಂಬಿತು ಎನ್ನುವವರು ಉದಾಹರಣೆಗೆ ಎತ್ತಿಕೊಳ್ಳುವುದಾದರೂ ಏನನ್ನು? ‘ಗುಡುಗುಡಿಯ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’, ‘ಲೋಕದ ಕಾಳಜಿ’. ಮೂರೂ ಶಿಶುನಾಳ ಷರೀಫರ ತತ್ತ್ವಪದಗಳು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ, ಗುರು ಯಾರು ಊರು ಯಾವುದು ಎಂದು ಎಲ್ಲರಿಗೂ ಗೊತ್ತಿರುವ, ಪದದ ಕೊನೆಗೆ ಅಂಕಿತ ಹಾಕಿದ ಕವಿಯನ್ನು ‘ಫೋಕ್’ ಎಂಬ ಡಬ್ಬಕ್ಕೆ ತುಂಬಿದ್ದೇ ಮೊದಲ ತಪ್ಪು. ಆ ತಪ್ಪಿನ ಮೇಲೆ ‘ಫೋಕ್ ರಾಕ್’ ಎಂಬ ಒಂದು ಪಂಥವನ್ನೇ ಕಟ್ಟಿದರು. ಸ್ವರಾತ್ಮ ಬ್ಯಾಂಡಿನವರು ಬಣ್ಣದ ಬಟ್ಟೆ ಹಾಕಿ ಕೋಲುಕುದುರೆ ಏರಿ ಬಂದಾಗ ಪಂಥಕ್ಕೊಂದು ವೇಷವೂ ಸಿಕ್ಕಿತು. ಅವರ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ: ಒಳ್ಳೆಯ ಮನಸ್ಸಿನ ಹುಡುಗರು, ಕಣ್ಣಿಗೆ ಹಬ್ಬ. ಥರ್ಮಲ್ ಅಂಡ್ ಎ ಕ್ವಾರ್ಟರ್‌ನಂಥ ಬ್ಯಾಂಡಿನವರು ಇಂಗ್ಲಿಷಿನಲ್ಲೇ ಹಾಡಿ ಈ ರಗಳೆಯಿಂದ ಪಾರಾದರು. ಅವರ ಪ್ರಾಮಾಣಿಕತೆ ನನಗೆ ಇಷ್ಟ, ಹಾಡು ಅಷ್ಟಾಗಿ ಅಲ್ಲ.

ರಘು ದೀಕ್ಷಿತ್ ಮಾತ್ರ ಬೇರೆ. ಆದರೆ ಅವರನ್ನು ತೂಗುವ ತಕ್ಕಡಿಯೇ ಬೇರೆ ಇರಬೇಕಿತ್ತು. ಅವರು ಸುಗಮ ಸಂಗೀತದವರು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ ಎಂಬ ಸಾಲಿದೆಯಲ್ಲ, ಅದರ ತುದಿಯಲ್ಲಿ ಗಿಟಾರು ಹಿಡಿದು ನಿಂತಿರುವ ಆಸಾಮಿ ಅವರು. ಈ ಮಾತಿಗೆ ರಾಕ್ ಅಭಿಮಾನಿಗಳಿಗೂ ಸಿಟ್ಟು ಬರುತ್ತದೆ, ಭಾವಗೀತೆಯ ಹಿರಿಯರಿಗೂ ಸಿಟ್ಟು ಬರುತ್ತದೆ. ಬರಲಿ. ಕಾಳಿಂಗರಾಯರು ಸೂಟು ಹಾಕಿಕೊಂಡು ಪಾಶ್ಚಾತ್ಯ ವಾದ್ಯಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡ ಕವಿಗಳನ್ನು ಹಾಡಿದಾಗ ಯಾರೂ ಅದಕ್ಕೆ ‘ಫ್ಯೂಷನ್’ ಎಂದು ಹೆಸರಿಡಲಿಲ್ಲ. 1978ರ ‘ನಿತ್ಯೋತ್ಸವ’ ಧ್ವನಿಸುರುಳಿಯಿಂದ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ ಅಡುಗೆಮನೆಗೆ ಹೊಕ್ಕಿತು; ಆ ಕೆಲಸ ಮಾಡಿದ್ದು ಹಾರ್ಮೋನಿಯಂ ಹಿಡಿದ ಅನಂತಸ್ವಾಮಿಯವರು. ಅಶ್ವತ್ಥರು ಷರೀಫನನ್ನು ಧಾರವಾಡದ ಭಜನಾ ಮೇಳದಿಂದ ಎತ್ತಿ ತಂದು, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದಲ್ಲಿ ಗಂಟಲು ಹರಿಯುವಂತೆ ಹಾಡಿ, ಇಡೀ ನಾಡಿನ ಆಸ್ತಿ ಮಾಡಿದರು. ರಘು ಹಾಡುವ ಷರೀಫ ನೇರವಾಗಿ ಶಿಶುನಾಳದಿಂದ ಬಂದವನಲ್ಲ, ಅಶ್ವತ್ಥರ ಮನೆಯ ಮುಂದೆ ಹಾದು ಬಂದವನು. ಅಪ್ಪನ ದನಿಗೆ ಎದುರಾಡುವ ಮಗನ ದನಿ ಅದು. ಅಶ್ವತ್ಥರಲ್ಲಿ ಲೋಕದ ಕಾಳಜಿಯನ್ನು ಕಂಡು ಕೆರಳಿದ ಮುದುಕನಿದ್ದರೆ, ರಘು ಅವರಲ್ಲಿ ಆ ಕಾಳಜಿಯನ್ನು ಹೆಗಲಿಂದ ಕೊಡವಿ ಕುಣಿಯುವ ಹುಡುಗನಿದ್ದಾನೆ. ನನ್ನ ಒಲವು ಯಾರ ಕಡೆಗೆ ಎಂದು ಕೇಳಿದರೆ ಹುಡುಗನ ಕಡೆಗೆ. ಅಶ್ವತ್ಥರ ಅಬ್ಬರ ಕೆಲವೊಮ್ಮೆ ಪದವನ್ನೇ ನುಂಗಿಹಾಕುತ್ತದೆ ಎಂದು ಬರೆದು ಎಷ್ಟೋ ಸ್ನೇಹಿತರ ಮುನಿಸು ಕಟ್ಟಿಕೊಂಡಿದ್ದೇನೆ, ಇನ್ನೊಂದಿಷ್ಟು ಕಟ್ಟಿಕೊಂಡರೆ ನಷ್ಟವಿಲ್ಲ.

ಹೀಗೆ ನೋಡಿದರೆ ಎರಡು ಆಲ್ಬಂಗಳ ನಡುವಿನ ಆ ಹಳೆಯ ಜಗಳ ಉಳಿಯುವುದೇ ಇಲ್ಲ. ಮಣ್ಣಿನ ಆಲ್ಬಂ ಎನ್ನುವ ಮೊದಲನೆಯದರಲ್ಲಿ ‘ಮೈಸೂರ್ ಸೇ ಆಯಿ’ ಎಂಬ ಹಿಂದಿ ಹಾಡಿದೆ, ಇಂಗ್ಲಿಷ್ ಹಾಡೂ ಇದೆ. ಅದನ್ನು ಹೊರತಂದದ್ದು ಮುಂಬೈ ಸಿನಿಮಾ ಸಂಗೀತದ ವಿಶಾಲ್–ಶೇಖರ್ ಅವರ ಕಂಪನಿ. ಇಂಥ ಆಲ್ಬಂ ಮಣ್ಣಿನದಾದರೆ ‘ಜಗ್ ಚಂಗಾ’ ಹೇಗೆ ಮಾರುಕಟ್ಟೆಯದಾಯಿತು? ನಡುವೆ ಏನಾಯಿತು ಎಂದರೆ, 2010ರಲ್ಲಿ ಅವರು ಬಿಬಿಸಿಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಹಾಡಿದರು, ಮರುವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಪ್ರಶಸ್ತಿ ಬಂತು. ಊರವನು ಲಂಡನ್ನಿಗೆ ಹೋಗಿ ಬಂದ ಮೇಲೆ ಅವನ ಚಪ್ಪಲಿಯಲ್ಲೂ ಬದಲಾವಣೆ ಹುಡುಕುವುದು ನಮ್ಮ ಜಾಯಮಾನ. ‘ಜಗ್ ಚಂಗಾ’ದ ಧ್ವನಿಮುದ್ರಣ ಹೆಚ್ಚು ಅಚ್ಚುಕಟ್ಟು, ನಿಜ. ಆದರೆ ಭಾವಗೀತೆಯ ಪರಂಪರೆ ಯಾವತ್ತು ಅಚ್ಚುಕಟ್ಟನ್ನು ದೋಷ ಎಂದಿತ್ತು? ಅನಂತಸ್ವಾಮಿಯವರ ಒಂದು ಪಲುಕು ಕೆಡದ ಹಾಡುಗಾರಿಕೆಯನ್ನು ತಲೆದೂಗಿ ಕೇಳಿದವರೇ ಈಗ ಗಿಟಾರಿನವನಿಗೆ ಮಾತ್ರ ಹಸಿತನ ಬೇಕು ಎನ್ನುತ್ತಾರೆ. ರಾಕ್ ಎಂದರೆ ಒರಟಾಗಿರಬೇಕು, ಜನಪದ ಎಂದರೆ ಇನ್ನೂ ಒರಟಾಗಿರಬೇಕು ಎಂಬ ಪಟ್ಟಣದವರ ಆಸೆ ಇದು. ರಾತ್ರಿಯೆಲ್ಲ ಶ್ರುತಿ ಬಿಡದೆ ಹಾಡುವ ನೀಲಗಾರನ ನಯ ಎಂಥದೆಂದು ಅವರಿಗೆ ಗೊತ್ತಿಲ್ಲ.

ಇನ್ನು ಗಿಟಾರು. ಬೆಂಗಳೂರಿನ ಗಿಟಾರು ಪಂಡಿತರು ಗುಟ್ಟಾಗಿ ಹೇಳುವ ದೂರೊಂದಿದೆ: ರಘು ಹಾಡುಗಾರ, ಒಪ್ಪಿದೆವು, ಆದರೆ ಗಿಟಾರಿನಲ್ಲಿ ಅವರಿಗೆ ಬರುವುದು ನಾಲ್ಕು ಕಾರ್ಡು, ಸೋಲೊ ನುಡಿಸುವವರು ಪಕ್ಕದವರು. ದೂರು ಸ್ವಲ್ಪ ಉತ್ಪ್ರೇಕ್ಷೆ, ಆದರೂ ಅದನ್ನೇ ಅವರ ಹೆಚ್ಚುಗಾರಿಕೆ ಎಂದು ನಾನು ಎಣಿಸುತ್ತೇನೆ. ಅವರ ಬಲಗೈ ಮಾಡುವ ಕೆಲಸವನ್ನು ಗಮನಿಸಿ. ತಂತಿಗಳನ್ನು ಬಿಟ್ಟು ಬಿಟ್ಟು ಮೀಟುತ್ತಾ, ಕಾರ್ಡನ್ನು ಆದಷ್ಟು ಬದಲಿಸದೆ, ಒಂದೇ ನಾದವನ್ನು ಕೆಳಗೆ ಹಾಸಿ ಅದೇ ನಾದದಲ್ಲಿ ಲಯವನ್ನೂ ಹಿಡಿಯುತ್ತಾರೆ. ನೀಲಗಾರನ ತಂಬೂರಿ ಮಾಡುವುದೂ ಇದನ್ನೇ. ಸಭೆಯ ತಂಬೂರಿಯಂತೆ ಹಿಂದೆ ಕೂತು ಶ್ರುತಿ ಮಾತ್ರ ಕೊಡುವ ವಾದ್ಯವಲ್ಲ ಅದು. ಹೆಗಲ ಮೇಲೆ ಒರಗಿಕೊಂಡು ಶ್ರುತಿಯನ್ನೂ ತಾಳವನ್ನೂ ಒಟ್ಟಿಗೆ ಕೊಡುವ ವಾದ್ಯ. ಭರತನಾಟ್ಯ ಕಲಿತ ಮನುಷ್ಯ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರನ್ನು ಹೀಗೆ ಬಾರಿಸಿದಾಗ ಅದು ವೇಷವಾಗಿ ಉಳಿಯದೆ ವಾದ್ಯಮೇಳವೇ ಆಗುತ್ತದೆ. ಬೆರಳು ಓಡಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ನಾಲ್ಕು ಕಾರ್ಡಿಗೆ ನಿಂತರೆ ನಾನು ಬಡತನ ಎನ್ನುತ್ತೇನೆ, ರಘು ನಿಂತರೆ ಸಂಯಮ ಎನ್ನುತ್ತೇನೆ. ಪಕ್ಷಪಾತ ಎನ್ನುವವರು ಅನ್ನಲಿ. ಪಕ್ಷವಿಲ್ಲದೆ ಸಂಗೀತ ಕೇಳುವವನು ಅಂಗಡಿಯವನು ಮಾತ್ರ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರು. ಅದು ಆಲ್ಬಂಗಳದ್ದಲ್ಲ, ಸಿನಿಮಾದ್ದು. ಮೊದಲ ಆಲ್ಬಂ ಬಂದ ವರ್ಷವೇ ಅವರು ಸಂಗೀತ ಕೊಟ್ಟ ‘ಸೈಕೊ’ ಚಿತ್ರದ ‘ನಿನ್ನ ಪೂಜೆಗೆ ಬಂದೆ ಮಹದೇಶ್ವರ’ ಹಾಡು ಹನೂರಿನ ಗುಡ್ಡದಿಂದ ಯಳಂದೂರಿನ ಗದ್ದೆ ಬಯಲಿನ ತನಕ ಮೊಳಗಿತು. ಮದುವೆಯ ಆರ್ಕೆಸ್ಟ್ರಾದಲ್ಲಿ ಅದು ಇಲ್ಲದೆ ಊಟಕ್ಕೆ ಎಲೆ ಹಾಕುತ್ತಿರಲಿಲ್ಲ. ಒಳ್ಳೆಯ ಹಾಡು. ಎತ್ತುಗಡೆಯಲ್ಲಿ ಮಾದಪ್ಪನ ಹೆಸರು ಬಿದ್ದ ತಕ್ಷಣ ನಮ್ಮ ಕಡೆಯವರ ಮೈಯಲ್ಲಿ ಏನೋ ಆಗುತ್ತದೆ. ಆದರೆ ಹೆಸರು ಕರೆದದ್ದಷ್ಟೇ. ಆಮೇಲಿನದೆಲ್ಲ ಒಬ್ಬ ಹುಡುಗನ ಪ್ರೀತಿಯ ಪಾಡು. ಮಾದಪ್ಪ ಸಾಕ್ಷಿಗೆ ನಿಂತವನು, ಅವನ ಕಥೆಗೆ ಅಲ್ಲಿ ಜಾಗವಿಲ್ಲ.

ಪ್ರೀತಿಯ ಪಾಡೇ ಬೇಕಾಗಿದ್ದರೆ ಮಾದಪ್ಪನ ಕಾವ್ಯದಲ್ಲಿ ಸಂಕಮ್ಮನ ಸಾಲು ಇತ್ತಲ್ಲ! ಗಂಡ ನೀಲೇಗೌಡ ಜೇನಿಗೆ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಮೇಲೆ ಅನುಮಾನ ಪಟ್ಟು, ಭಾಷೆ ಕೊಡು ಎಂದು ಹಿಂಸೆ ಕೊಡುತ್ತಾನೆ. ಕೊಡುವುದಿಲ್ಲ ಎಂದು ಆಕೆ ನಿಲ್ಲುತ್ತಾಳೆ. ಕನ್ನಡದಲ್ಲಿ ಗಂಡಸಿನ ಸಂಶಯದ ಬಗ್ಗೆ ಇಷ್ಟು ನಿಷ್ಠುರವಾದ ಹಾಡು ಇನ್ನೊಂದಿದೆಯೇ ನನಗೆ ಕಾಣೆ. ಕಂಸಾಳೆಯವರು ಅದನ್ನು ಗಂಟೆಗಟ್ಟಲೆ ಎಳೆಯುತ್ತಾರೆ. ಒಬ್ಬ ಸಾಲು ಎತ್ತುತ್ತಾನೆ, ಹಿಮ್ಮೇಳ ಅದರ ಬಾಲ ಹಿಡಿಯುತ್ತದೆ, ನಡುವೆ ಮಾತು ಬರುತ್ತದೆ, ನಗು ಬರುತ್ತದೆ, ಮತ್ತೆ ಲಯ ಏರುತ್ತದೆ. ಒಂದೇ ತುಣುಕನ್ನು ಹೊಸೆದು ಹೊಸೆದು ಆವೇಶಕ್ಕೆ ಒಯ್ಯುವ ಈ ಕೌಶಲ ರಾಕ್ ಸಂಗೀತಕ್ಕೆ ಪರಕೀಯವಲ್ಲ. ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ತಂಡ 1969ರಲ್ಲೇ ‘ಮ್ಯಾಟಿ ಗ್ರೋವ್ಸ್’ ಎಂಬ ಹಳೆಯ ಕಥನಗೀತೆಯನ್ನು ಹಾದರದಿಂದ ಕೊಲೆಯ ತನಕ ಪೂರ್ತಿ ಹಾಡಿತು. ಕಥೆ ಮುಗಿದ ಮೇಲೆ ರಿಚರ್ಡ್ ಥಾಂಪ್ಸನ್ ಅವರ ಗಿಟಾರು ಪಿಟೀಲಿನ ಜೊತೆ ಹೊರಟು ಬೇರೆಲ್ಲಿಗೋ ಹೋಗುತ್ತದೆ. ಅವರಿಗೆ ಕಥೆ ಬೇಕಿತ್ತು. ನಮ್ಮ ಫೋಕ್ ರಾಕ್ ಪಂಥಕ್ಕೆ ಬೇಕಾದದ್ದು ಪಲ್ಲವಿ. ನಾಲ್ಕೈದು ನಿಮಿಷದಲ್ಲಿ ಕುಣಿಸಿ ಇಳಿಸುವ ಪಲ್ಲವಿ. ತತ್ತ್ವಪದ ಅದಕ್ಕೆ ಹೇಳಿ ಮಾಡಿಸಿದ್ದು, ಚಿಕ್ಕದು, ಒಗಟಿನಂಥದು, ಅರ್ಥವಾಗದಿದ್ದರೂ ಚಪ್ಪಾಳೆ ತಟ್ಟಬಹುದು. ಮಂಟೇಸ್ವಾಮಿಗೆ ಹಾಗಾಗುವುದಿಲ್ಲ. ಅವನು ಹೊಲಸು ಮೆತ್ತಿಕೊಂಡು ಕಲ್ಯಾಣದ ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನು ಒಳಗೆ ಬಿಡುತ್ತೀರೋ ಇಲ್ಲವೋ ಹೇಳಬೇಕು. ಆ ಪ್ರಶ್ನೆಯನ್ನು ಹೆಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ದಲ್ಲಿ ರಂಗದ ಮೇಲೆ ತಂದರು. ಗಿಟಾರಿನವರು ಯಾರೂ ಅದರ ಹತ್ತಿರ ಸುಳಿಯಲಿಲ್ಲ.

ಶುದ್ಧಜನಪದವಾದಿಗಳು ಇಲ್ಲಿ ಖುಷಿಯಾಗಿ ‘ನೋಡಿ, ವಿದ್ಯುತ್ ವಾದ್ಯ ನಮ್ಮದಲ್ಲ’ ಎಂದಾರು. ಅವರಿಗೊಂದು ಮಾತು. ನಮ್ಮೂರಿನ ಹೊಳೆಯಾಚೆಯ ಶಿವನಸಮುದ್ರದಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಅದು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ದೀಪ ಹಚ್ಚಿತು. ಆಗ ನಮ್ಮ ಕೊಳ್ಳೇಗಾಲ ಮದ್ರಾಸು ಸರ್ಕಾರದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡ ಸೀಮೆಗೆ ಸೇರಿದ್ದು 1956ರಲ್ಲಿ. ಕಾವೇರಿ ನೀರಿನಿಂದ ಕಾದ ಆಂಪ್ಲಿಫಯರು ಪರದೇಶಿ, ಹಾರ್ಮೋನಿಯಂ ಮಾತ್ರ ಸ್ವದೇಶಿ ಎಂಬ ವಾದ ನನಗೆ ಅರ್ಥವಾಗುವುದಿಲ್ಲ. ಮಹದೇವಸ್ವಾಮಿಯವರ ಕ್ಯಾಸೆಟ್ಟಿನಲ್ಲಿ ಕೀಬೋರ್ಡು ಬಂದಾಗ ಸಿದ್ದಪ್ಪಾಜಿಯೇನೂ ಎದ್ದು ಹೋಗಲಿಲ್ಲ.

ನಿಜವಾದ ಕೊರತೆ ಇನ್ನೂ ಹಿಂದಿನದು. ನಮ್ಮ ವಿಮರ್ಶೆಗೆ ಕಣ್ಣಿದೆ, ಕಿವಿ ಇಲ್ಲ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ, ಹಿ.ಚಿ. ಬೋರಲಿಂಗಯ್ಯ, ಕೇಶವನ್ ಪ್ರಸಾದ್ ಮುಂತಾದವರು ಈ ಕಾವ್ಯಗಳನ್ನು ಹಾಡಿಸಿ, ಬರೆದು, ಅಚ್ಚು ಹಾಕಿಸಿದ್ದು ಪುಣ್ಯದ ಕೆಲಸ. ಆದರೆ ಆ ದಪ್ಪ ಸಂಪುಟಗಳ ಮೇಲೆ ಬಂದ ಲೇಖನಗಳನ್ನು ತಿರುವಿ ಹಾಕಿ: ಪ್ರತಿಭಟನೆ, ಸ್ತ್ರೀ ಸಂವೇದನೆ, ಜಾತಿ, ಪುರಾಣ ಭಂಜನೆ ಎಲ್ಲ ಸಿಗುತ್ತದೆ. ಯಾವ ಸಾಲಿಗೆ ಯಾವ ಧಾಟಿ, ಲಯ ಎಲ್ಲಿ ತಿರುಗುತ್ತದೆ, ಹಿಮ್ಮೇಳ ಯಾಕೆ ಅಲ್ಲೇ ಉಸಿರು ಕಟ್ಟುತ್ತದೆ ಎಂಬುದು ಸಿಗುವುದು ತೀರಾ ಅಪರೂಪ. ಹಾಡನ್ನು ಓದುವ ವಿದ್ವಾಂಸರು ಒಂದು ಕಡೆ, ಓದದೆ ಹಾಡುವ ಬ್ಯಾಂಡಿನವರು ಇನ್ನೊಂದು ಕಡೆ. ಇವರಿಬ್ಬರ ನಡುವೆ ಮಾದಪ್ಪನ ಹಾಡು ‘ಸೋಜುಗಾದ ಸೂಜುಮಲ್ಲಿಗೆ’ಯ ಗತಿ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಅನನ್ಯಾ ಭಟ್ ಅವರ ಚೆಂದದ ದನಿಯಲ್ಲಿ ಅದು ಶಿವರಾತ್ರಿಯ ಭಾರಿ ವೇದಿಕೆ ಏರಿತು, 2021ರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ಮಂಗಳೂರಿನ ಕಥೆಯೊಳಗೆ ಹೊಕ್ಕಿತು, ಈಗ ಯೋಗ ಶಿಬಿರಗಳಲ್ಲಿ ಕಣ್ಣು ಮುಚ್ಚಿಸಲು ಬಳಕೆಯಾಗುತ್ತಿದೆ. ಕಾಡುಬೆಟ್ಟದ ಮಾದಪ್ಪ ಅಲ್ಲಿ ಯಾವ ಊರಿನವನೂ ಅಲ್ಲದ ಮಹಾದೇವನಾಗಿದ್ದಾನೆ.

ರಘು ದೀಕ್ಷಿತ್ ಅವರಿಗೆ ಈಗ ಐವತ್ತು ದಾಟಿದೆ. ಮೂರು ದಶಕದ ಹತ್ತಿರ ವೇದಿಕೆ ಕಂಡ ಕಾಲು, ತಂಬೂರಿಯಂತೆ ಮೀಟುವ ಬಲಗೈ, ಕಥೆ ಹೇಳುವಷ್ಟು ಪಳಗಿದ ಗಂಟಲು ಮೂರೂ ಒಬ್ಬರಲ್ಲೇ ಇವೆ. ನನ್ನ ಕೈಲಿ ಇದ್ದಿದ್ದರೆ ಹಿಂದಿ ಇಂಗ್ಲಿಷು ಬದಿಗಿಡಿಸಿ ಒಂದೇ ಒಂದು ಹಾಡಿನ ಆಲ್ಬಂ ಮಾಡಿಸುತ್ತಿದ್ದೆ: ಸಂಕಮ್ಮನ ಸಾಲು, ಒಂದು ಗಂಟೆ, ಸಂಕಮ್ಮನಿಗೆ ಹೆಣ್ಣುದನಿ, ಹಿಮ್ಮೇಳಕ್ಕೆ ಕಂಸಾಳೆ ಹಿಡಿದ ಬೆಟ್ಟದ ದೇವರಗುಡ್ಡರು. ಕೆಟ್ಟರೂ ಚಿಂತೆಯಿಲ್ಲ, ದೊಡ್ಡದಾಗಿ ಕೆಡಲಿ. ಮುಖಪುಟದ ಮೇಲೆ ‘ಸಾಹಿತ್ಯ: ಜನಪದ’ ಎಂದು ಬರೆದು ಕೈ ತೊಳೆದುಕೊಳ್ಳುವುದು ಮಾತ್ರ ಬೇಡ. ಕೇಶವನ್ ಪ್ರಸಾದರ ಸಂಪಾದನೆಯಲ್ಲಿ ಮಾದಪ್ಪನ ಕಾವ್ಯವನ್ನು ಹಾಡಿದ ಹೆಬ್ಬಣಿ ಮಾದಯ್ಯನವರ ಹೆಸರಿದೆ, ಸಾಹಿತ್ಯ ಅಕಾಡೆಮಿ ತಂದ ಇಂಗ್ಲಿಷ್ ಅನುವಾದದ ಮೇಲೂ ಇದೆ. ಆಲ್ಬಂ ಮಾಡುವವರೂ ಯಾರ ಬಾಯಿಂದ ಕಲಿತರೋ ಅವರ ಹೆಸರನ್ನು ತಮ್ಮ ಹೆಸರಿನ ಅಳತೆಯ ಅಕ್ಷರದಲ್ಲೇ ಹಾಕಲಿ, ಬರುವ ದುಡ್ಡಿನಲ್ಲಿ ಪಾಲನ್ನೂ ಕೊಡಲಿ.