ಜರಡಿಯಲ್ಲಿ ಉಳಿದ ಪದಗಳು

2021 ಇಟಲಿಯ ಕವಿ ಡಾಂಟೆ ತೀರಿಕೊಂಡು 700 ವರ್ಷ ತುಂಬಿದ ವರ್ಷ. ಅವನ ಹುಟ್ಟೂರು ಫ್ಲಾರೆನ್ಸಿನಲ್ಲಿರುವ 'ಅಕ್ಕಾದೆಮಿಯಾ ದೆಲ್ಲಾ ಕ್ರೂಸ್ಕಾ' ಎಂಬ ಹಳೆಯ ಭಾಷಾ ಸಂಸ್ಥೆ ಜನವರಿ 1ರಿಂದ ವರ್ಷಪೂರ್ತಿ ದಿನಕ್ಕೊಂದು ಡಾಂಟೆ ಪದವನ್ನೋ ನುಡಿಗಟ್ಟನ್ನೋ ಆರಿಸಿ, ಕಿರುಟಿಪ್ಪಣಿ ಸೇರಿಸಿ ಕಾರ್ಡಿನ ರೂಪದಲ್ಲಿ ಜನರ ಮುಂದಿಟ್ಟಿತು. ಮಾಲೆಗೆ ಕೊಟ್ಟ ಹೆಸರೇ ತಮಾಷೆಯಾಗಿತ್ತು. ಅಲ್ಲಿನ ಅಂಗಡಿಗಳಲ್ಲಿ ಅಂದೇ ಬಂದ ಮೊಟ್ಟೆಯನ್ನು ತಾಜಾ ಎಂದು ಹೇಳಲು ಬಳಸುವ ಮಾತನ್ನು ಡಾಂಟೆಯ ಪದಕ್ಕೆ ಅಂಟಿಸಿದ್ದರು. ಏಳು ಶತಮಾನದ ಹಿಂದಿನ ಮಾತು ಇವತ್ತಿನ ಬೆಳಗಿನಷ್ಟೇ ಹೊಸದು ಎಂಬ ಧ್ವನಿ.

ಉದ್ದೇಶಕ್ಕೆ ಯಾರೂ ಹೆಸರಿಡುವಂತಿಲ್ಲ. ಶಾಲೆಯಲ್ಲಿ ಕಡ್ಡಾಯವಾಗಿ ಓದಿ ಮರೆತ ಇಟಾಲಿಯನ್ನರಿಗೂ, ಹೊಸದಾಗಿ ಭಾಷೆ ಕಲಿಯುವ ಹೊರಗಿನವರಿಗೂ ಇದೊಂದು ಸುಲಭದ ಬಾಗಿಲು. ಡಾಂಟೆಯ 'ಡಿವೈನ್ ಕಾಮೆಡಿ' ಎಂಬ 14,233 ಸಾಲಿನ ಕಾವ್ಯವನ್ನು ಕೈಗೆತ್ತಿಕೊಳ್ಳಲು ಹೆದರುವವರು ಒಂದು ಪದವನ್ನಾದರೂ ಓದಿಯಾರು. ಆದರೂ ಈ ಕ್ರಮದ ಬಗ್ಗೆ ನನ್ನ ತಕರಾರಿದೆ. ಡಾಂಟೆಯ ದಿನಬಳಕೆಯ ಪದಗಳಿಗೆ ಬೆಲೆ ಬಂದಿರುವುದು ಅವು ಕೂತ ಜಾಗದಿಂದ. ಜಾಗದಿಂದ ಎಬ್ಬಿಸಿ ತಂದರೆ ಅವು ನಿಘಂಟಿನ ಯಾವ ಪದಕ್ಕಿಂತಲೂ ಹೆಚ್ಚಿನವಲ್ಲ.

ಇಂಥ ಉತ್ಸವಗಳ ಬೆನ್ನಿಗೆ ಯಾವಾಗಲೂ ಒಂದು ಅಂಕಿ ಇರುತ್ತದೆ: ಇವತ್ತಿನ ಇಟಾಲಿಯನ್ ಮಾತಿನಲ್ಲಿ ಶೇ 90ರಷ್ಟು ಡಾಂಟೆಯದು ಎಂಬುದು. ಭಾಷಾವಿಜ್ಞಾನಿ ತುಲ್ಲಿಯೊ ದೆ ಮೌರೊ ಅವರ ಲೆಕ್ಕದಿಂದ ಹೊರಟ ಈ ಮಾತು ಬಾಯಿಂದ ಬಾಯಿಗೆ ದಾಟುತ್ತ ಊದಿಕೊಂಡಿದೆ. ಅವರು ಗಮನಿಸಿದ್ದು ಭಾಷೆಯ ತಳಹದಿಯಂತಿರುವ, ಅತಿ ಹೆಚ್ಚು ಬಳಕೆಯ ಸುಮಾರು 2,000 ಪದಗಳನ್ನು. ಅವುಗಳಲ್ಲಿ ಶೇ 60ರಷ್ಟು ಡಾಂಟೆ ಬರೆಯಲು ಕೂರುವ ಹೊತ್ತಿಗೇ ಇದ್ದವು. ಅವನ ಕಾವ್ಯ ಅವನ್ನು ತನ್ನದಾಗಿಸಿಕೊಂಡು, ಇನ್ನಷ್ಟು ಸೇರಿಸಿ ಮುಂದಿನವರಿಗೆ ದಾಟಿಸಿತು. 14ನೇ ಶತಮಾನ ಮುಗಿಯುವಾಗ ಆ ಪಟ್ಟಿ ಶೇ 90ರಷ್ಟು ಭರ್ತಿಯಾಗಿತ್ತು. ಅಂದರೆ ಕೈ, ಕಣ್ಣು, ನೀರು, ಹೋಗು, ಬಾ ಎನ್ನುವ ಪದಗಳನ್ನು ಡಾಂಟೆ ಟಂಕಿಸಲಿಲ್ಲ. ಫ್ಲಾರೆನ್ಸಿನ ಬೀದಿಯಲ್ಲಿ ಬಿದ್ದಿದ್ದವನ್ನು ಎತ್ತಿಕೊಂಡ. ಅವನ ಪ್ರತಿಭೆ ಇರುವುದು ಎತ್ತಿಕೊಂಡು ಎಲ್ಲಿಟ್ಟ ಎಂಬುದರಲ್ಲಿ.

ಇನ್ನು ಇವತ್ತಿನ ಇಟಲಿಯ ಅತ್ಯಂತ ಪ್ರಸಿದ್ಧ ಪದವಾದ 'ಚಾವ್' ಡಾಂಟೆಯಲ್ಲಿ ಇಲ್ಲವೇ ಇಲ್ಲ. ಅದು ವೆನಿಸ್ ಕಡೆಯ ಆಡುಮಾತು. ನಿಮ್ಮ ಗುಲಾಮ ಎಂಬ ವಿನಯದ ಮಾತು ಸವೆದು ಸವೆದು ಉಳಿದ ಒಂದು ತುಣುಕು.

ಡಾಂಟೆಯನ್ನು ಇಟಾಲಿಯನ್ ಭಾಷೆಯ ತಂದೆ ಎನ್ನುವವರು ಮರೆಯುವ ಇನ್ನೊಂದು ಸಂಗತಿಯಿದೆ. ಆ ಭಾಷೆಗೆ ಕಟ್ಟುಪಾಡು ಹಾಕಿದವರು ಅವನನ್ನು ಮಾದರಿಯಾಗಿ ಒಪ್ಪಲಿಲ್ಲ. 1525ರಲ್ಲಿ ಪಿಯೆತ್ರೊ ಬೆಂಬೊ ತನ್ನ ಪ್ರಸಿದ್ಧ ಭಾಷಾಗ್ರಂಥದಲ್ಲಿ ಪದ್ಯಕ್ಕೆ ಪೆತ್ರಾರ್ಕ, ಗದ್ಯಕ್ಕೆ ಬೊಕ್ಕಾಚೊ ಎಂದು ತೀರ್ಪು ಕೊಟ್ಟ. ಡಾಂಟೆಯನ್ನು ಕಳೆ ತುಂಬಿದ ವಿಶಾಲವಾದ ಗೋಧಿ ಹೊಲಕ್ಕೆ ಹೋಲಿಸಿದ: ಹೊಲ ಸೊಗಸಾದದ್ದು, ಆದರೆ ಕಾಳಿನ ನಡುವೆ ಕೆಲಸಕ್ಕೆ ಬಾರದ ಹುಲ್ಲು. ಕಳೆ ಎಂದದ್ದು ಒರಟು ಪದಗಳನ್ನು, ಬೀದಿಯ ಪದಗಳನ್ನು. ಶಿಷ್ಟಾಚಾರದ ಮೇಲೆ 'ಗಲತೆಯೊ' ಬರೆದ ಜೊವಾನ್ನಿ ದೆಲ್ಲಾ ಕಾಸಾ ಕೂಡ ಸಭ್ಯರ ಬಾಯಿಗೆ ಸಲ್ಲದ ಮಾತುಗಳಿಗೆ ಉದಾಹರಣೆ ಬೇಕಾದಾಗ ಹೋಗಿದ್ದು ಡಾಂಟೆಯ ಬಳಿಗೇ.

ಕ್ರೂಸ್ಕಾ ಸಂಸ್ಥೆ ಹುಟ್ಟಿದ್ದು ಆಮೇಲೆ, 1583ರಲ್ಲಿ. ಕ್ರೂಸ್ಕಾ ಎಂದರೆ ತೌಡು. ಹಿಟ್ಟಿನಿಂದ ತೌಡನ್ನು ಬೇರ್ಪಡಿಸುವ ಯಂತ್ರ ಅದರ ಲಾಂಛನ. ಅದಕ್ಕೆ ಕೊಟ್ಟ ಧ್ಯೇಯವಾಕ್ಯ ಪೆತ್ರಾರ್ಕನ ಸಾಲು. ನ್ಯಾಯವಾಗಿ ಹೇಳಬೇಕೆಂದರೆ ಇದೇ ಸಂಸ್ಥೆ 1595ರಲ್ಲಿ ಡಾಂಟೆಯ ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿತ್ತು, 1612ರ ತನ್ನ ಮಹಾ ನಿಘಂಟಿಗೆ ಅವನಿಂದ ಧಾರಾಳವಾಗಿ ಪದಗಳನ್ನು ತೆಗೆದುಕೊಂಡಿತ್ತು. ಆದರೂ ಜರಡಿ ಹಿಡಿದು ಹುಟ್ಟಿದ ಸಂಸ್ಥೆಯೇ 2021ರಲ್ಲಿ ತೌಡಿನ ವಾಸನೆಯ ಪದಗಳನ್ನು ದಿನವೂ ಹೊರಗೆ ತಂದು ಕೊಂಡಾಡಿದ್ದು ನೋಡಿ ಬೆಂಬೊ ಏನೆನ್ನುತ್ತಿದ್ದನೋ. ಶಿಷ್ಟರು ಒಪ್ಪಿದ ಆ ಸಾಹಿತ್ಯಭಾಷೆ ಶತಮಾನಗಟ್ಟಲೆ ಪುಸ್ತಕದಲ್ಲೇ ಉಳಿಯಿತು. 1861ರಲ್ಲಿ ಇಟಲಿ ಒಂದಾದಾಗ ಇಟಾಲಿಯನ್ ಬಲ್ಲವರು ದೆ ಮೌರೊ ಪ್ರಕಾರ ಜನಸಂಖ್ಯೆಯ ಶೇ 2.5ರಷ್ಟು. ಇನ್ನೊಬ್ಬ ಭಾಷಾವಿಜ್ಞಾನಿ ಅರ್ರೀಗೊ ಕಾಸ್ತೆಲ್ಲಾನಿ ಅದನ್ನು ತಿದ್ದಿ ಶೇ 10ರ ಹತ್ತಿರಕ್ಕೆ ತಂದರು. ಉಳಿದವರ ಮನೆಮಾತು ಸಿಸಿಲಿಯನ್, ವೆನಿಷಿಯನ್, ನಿಯಾಪೊಲಿಟನ್‌ನಂಥವು. ಡಾಂಟೆಯಿಂದ ಇವತ್ತಿನ ಬಸ್‌ನಿಲ್ದಾಣದವರೆಗೆ ನೇರ ರಸ್ತೆಯೇನೂ ಇರಲಿಲ್ಲ.

ಹಾಗಾದರೆ ಅವನು ಬೀದಿಯ ಪದಗಳನ್ನು ಹೇಗೆ ಬಳಸಿದ? ಮಕ್ಕಳು ಅಪ್ಪ ಅಮ್ಮನನ್ನು ಕರೆಯುವ 'ಬಬ್ಬೊ', 'ಮಮ್ಮ' ಎಂಬ ಎರಡು ಪದಗಳನ್ನೇ ನೋಡಬಹುದು. ದೇಸಿಭಾಷೆಯ ಪರವಾಗಿ ಲ್ಯಾಟಿನ್ನಿನಲ್ಲೇ ಬರೆದ ಗ್ರಂಥದಲ್ಲಿ (ಈ ವಿಚಿತ್ರವನ್ನು ಅವನಿಗೆ ಬಿಟ್ಟುಕೊಡೋಣ) ಡಾಂಟೆ ಈ ಎರಡನ್ನೂ ಬಾಲಿಶವೆಂದು ಎತ್ತರದ ಕಾವ್ಯದಿಂದ ಹೊರಗಿಟ್ಟಿದ್ದ. ಮುಂದೆ ಕಾವ್ಯದ ನರಕಕಾಂಡದ 32ನೇ ಸರ್ಗದಲ್ಲಿ, ವಿಶ್ವದ ಅಡಿಗೆ ಇಳಿದು ನಿಂತು, ಇಲ್ಲಿಯದನ್ನು ಬಣ್ಣಿಸುವುದು ಅಪ್ಪ ಅಮ್ಮ ಎಂದು ತೊದಲುವ ನಾಲಿಗೆಗೆ ಆಗುವ ಕೆಲಸವಲ್ಲ ಎನ್ನುತ್ತಾನೆ. ಹಾಗೆ ಹೇಳುವ ಮೂಲಕವೇ ಎರಡೂ ಪದ ಕಾವ್ಯದೊಳಗೆ ಬಂದು ಕೂತವು. 'ಬಬ್ಬೊ' ಕೂತದ್ದು ಪ್ರಾಸದ ಸ್ಥಾನದಲ್ಲಿ. ಅದರ ಜೊತೆಗಾರರು, 'ನನಗಿದೆ' ಎಂಬರ್ಥದ ಹಳೆಯ ತೋಸ್ಕಾನ ರೂಪ 'ಅಬ್ಬೊ' ಮತ್ತು ತಮಾಷೆ ಎಂಬರ್ಥದ 'ಗಬ್ಬೊ'. ಈ ಗುಂಡಿಗೆ ತಕ್ಕ ಗೊಗ್ಗರು ಪ್ರಾಸಗಳು ನನ್ನ ಬಳಿ ಇದ್ದಿದ್ದರೆ ಎಂದು ಆ ಸರ್ಗ ಶುರುವಾಗುತ್ತದೆ. ಮೂರು ಹೆಜ್ಜೆ ಹೋಗುವಷ್ಟರಲ್ಲಿ ಮಗುವಿನ ಬಾಯಿಯ ಪದವೇ ಆ ಗೊಗ್ಗರು ಪ್ರಾಸವಾಗಿಬಿಟ್ಟಿರುತ್ತದೆ. ಒಂದೇ ಪದದ ಕಾರ್ಡಿನಲ್ಲಿ ಇದನ್ನು ಹೇಗೆ ತೋರಿಸುತ್ತೀರಿ? ಇಷ್ಟಕ್ಕೂ ಮುಗಿಯುವುದಿಲ್ಲ. ಪಾಪಶುದ್ಧಿಯ ಬೆಟ್ಟದ ಮೇಲೆ ಕವಿ ಸ್ತಾತಿಯಸ್ ವರ್ಜಿಲ್‌ನ ಮಹಾಕಾವ್ಯವನ್ನು ನೆನೆಯುವಾಗ ಅದನ್ನು 'ಮಮ್ಮ' ಎನ್ನುತ್ತಾನೆ. ಬಾಲಿಶವೆಂದು ಹೊರಹಾಕಿದ ಪದಕ್ಕೆ ಇದಕ್ಕಿಂತ ದೊಡ್ಡ ಪೀಠ ಸಿಗಲಾರದು.

'ಪಾನೆ', ಅಂದರೆ ಅವರ ರೊಟ್ಟಿಯ ಕಥೆ ಇನ್ನೂ ಗಟ್ಟಿಯಾದದ್ದು. ನರಕದ ಅದೇ 32ನೇ ಸರ್ಗದ ಕೊನೆಗೆ, ಹಿಮದಲ್ಲಿ ಹೂತ ಪಾಪಿ ಉಗೊಲಿನೊ ತನ್ನ ವೈರಿಯ ತಲೆಯನ್ನು ಹಸಿದವನು ರೊಟ್ಟಿ ಕಡಿಯುವ ಹಾಗೆ ಕಡಿಯುತ್ತಿರುತ್ತಾನೆ. ಮುಂದಿನ ಸರ್ಗದಲ್ಲಿ ಅವನೇ ತನ್ನ ಕಥೆ ಹೇಳುವಾಗ, ಗೋಪುರದ ಸೆರೆಯಲ್ಲಿ ಅವನ ಮಕ್ಕಳು ನಿದ್ದೆಯಲ್ಲಿ ಅಳುತ್ತ ರೊಟ್ಟಿ ಕೇಳುತ್ತವೆ. ಮೊದಲ ಬಾರಿ ಬರಿಯ ಉಪಮೆಯಂತೆ ದಾಟಿಹೋದ ಪದ ಎರಡನೆಯ ಬಾರಿಗೆ ಓದುಗನನ್ನು ಹಿಂದಕ್ಕೆ ತಿರುಗಿಸುತ್ತದೆ: ಮಕ್ಕಳಿಗೆ ಸಿಗದ ರೊಟ್ಟಿಯನ್ನೇ ತಂದೆ ಶಾಶ್ವತವಾಗಿ ಕಡಿಯುತ್ತಿದ್ದಾನೆ. ಸ್ವರ್ಗದ 17ನೇ ಸರ್ಗದಲ್ಲಿ ಮುತ್ತಜ್ಜನ ತಂದೆ ಕಾಚಾಗ್ವೀದಾ ಡಾಂಟೆಯ ಗಡಿಪಾರಿನ ಭವಿಷ್ಯ ನುಡಿಯುವಾಗ ಪರರ ರೊಟ್ಟಿ ಎಷ್ಟು ಉಪ್ಪೆಂದು ಗೊತ್ತಾಗುತ್ತದೆ ಎನ್ನುತ್ತಾನೆ. ಫ್ಲಾರೆನ್ಸಿನವರು ಇವತ್ತಿಗೂ ಉಪ್ಪಿಲ್ಲದೆ ರೊಟ್ಟಿ ಸುಡುತ್ತಾರೆ. ಹಾಗಾಗಿ ಆ ಊರಿನ ಓದುಗರ ನಾಲಿಗೆಗೆ ಅದು ರೂಪಕಕ್ಕೂ ಮೊದಲು ರುಚಿ. ದೇವತೆಗಳ ರೊಟ್ಟಿ ಎಂಬ ಮಾತು ಜ್ಞಾನಕ್ಕೆ ಬರುವುದೂ ಇದೇ ಸ್ವರ್ಗಕಾಂಡದಲ್ಲಿ. ತಲೆಬುರುಡೆಯಿಂದ ದೇವತೆಗಳವರೆಗಿನ ಈ ದಾರಿಯೇ ಆ ಪದದ ಅರ್ಥ.

ಅದೇ ಕಾಚಾಗ್ವೀದಾ ಅದೇ 17ನೇ ಸರ್ಗದಲ್ಲಿ, ನೀನು ಕಂಡದ್ದನ್ನೆಲ್ಲ ಹೇಳು, ಕಜ್ಜಿ ಇದ್ದವರು ಕೆರೆದುಕೊಳ್ಳಲಿ ಬಿಡು ಎನ್ನುತ್ತಾನೆ. ಸ್ವರ್ಗದಲ್ಲಿ ಕಜ್ಜಿ! ಬೆಂಬೊನಂಥವರ ಅಸಮಾಧಾನ ಅರ್ಥವಾಗುವಂಥದ್ದೇ. ಅವರು ಓದಿದ್ದು ತಪ್ಪೇನಲ್ಲ, ಡಾಂಟೆಯಲ್ಲಿ ಇರುವುದನ್ನೇ ಕಂಡರು. ಕಂಡದ್ದನ್ನು ದೋಷದ ಖಾತೆಗೆ ಬರೆದದ್ದರಲ್ಲಿ ಮಾತ್ರ ಎಡವಿದರು. ಮುದಿ ದರ್ಜಿ ಸೂಜಿಕಣ್ಣಿಗೆ ಕಣ್ಣು ಕಿರಿದು ಮಾಡುವುದು, ಬಾಣಸಿಗನ ಹುಡುಗರು ಮಾಂಸ ಮೇಲೆ ತೇಲದಂತೆ ಕೊಕ್ಕೆಯಿಂದ ಅದುಮುವುದು, ವೆನಿಸ್ಸಿನ ಹಡಗುಕಟ್ಟೆಯಲ್ಲಿ ಕುದಿಯುವ ರಾಳ, ಬೆಳಗೆದ್ದ ರೈತ ನೆಲದ ಮೇಲಿನ ಇಬ್ಬನಿಗಡ್ಡೆಯನ್ನು ಹಿಮವೆಂದು ತಿಳಿದು ತೊಡೆ ಬಡಿದುಕೊಳ್ಳುವುದು: ನರಕವನ್ನು ನಂಬಿಸುವುದು ಈ ಕಸುಬಿನ ವಿವರಗಳು.

ನಮ್ಮಲ್ಲಿ ಡಾಂಟೆ ಬಂದದ್ದು ಬೇರೆ ವೇಷದಲ್ಲಿ. 'ಶ್ರೀ ರಾಮಾಯಣ ದರ್ಶನಂ'ನ ಮೊದಲಲ್ಲಿ ಕುವೆಂಪು ಹೋಮರ್, ವರ್ಜಿಲ್, ಮಿಲ್ಟನ್ ಜೊತೆಗೆ ಅವನಿಗೂ ಕೈಮುಗಿಯುತ್ತಾರೆ. ಕನ್ನಡದ ಓದುಗರಿಗೆ ಅವನು ಹೆಚ್ಚಾಗಿ ಸಿಕ್ಕಿದ್ದು ಇಂಗ್ಲಿಷಿನ ಮೂಲಕ, ಮಿಲ್ಟನ್ನಿನ ಗಾಂಭೀರ್ಯದ ಪಕ್ಕದಲ್ಲಿ. ಆ ಸಾಲಿನಲ್ಲಿ ನಿಂತ ಡಾಂಟೆ ಕಜ್ಜಿ ಕೆರೆಯುವುದಿಲ್ಲ, ರೊಟ್ಟಿಯ ಉಪ್ಪು ನೋಡುವುದಿಲ್ಲ. ಮೂಲಭಾಷೆಯ ಹತ್ತು ಪದ ಗೊತ್ತಿದ್ದರೂ ಈ ಭವ್ಯಮೂರ್ತಿ ಸ್ವಲ್ಪ ಕರಗುತ್ತದೆ. ಆ ಮಟ್ಟಿಗೆ ಕ್ರೂಸ್ಕಾದ ಕಾರ್ಡುಗಳಿಗೆ ನಾನು ಋಣಿ.

ದಿನಬಳಕೆಯ ಮಾತು ಮತ್ತು ಕಾವ್ಯ ಎರಡನ್ನೂ ಒಟ್ಟಿಗೆ ಹಿಡಿದು ಇಟಾಲಿಯನ್ ಕಲಿಸಿದ ಪಾಠವೊಂದು ಸಾಹಿತ್ಯದಲ್ಲೇ ದಾಖಲಾಗಿದೆ. ಇಟಲಿಯ ಲೇಖಕ ಪ್ರಿಮೊ ಲೆವಿ 1947ರಲ್ಲಿ ಪ್ರಕಟಿಸಿದ ಔಶ್ವಿತ್ಸ್ ನೆನಪಿನ ಪುಸ್ತಕದ 'ಯುಲಿಸಿಸ್‌ನ ಸರ್ಗ' ಎಂಬ ಅಧ್ಯಾಯ ಅದು. ಲೆವಿ ಮತ್ತು ಫ್ರೆಂಚ್ ಮಾತಾಡುವ ಯುವಕ ಝಾನ್ ಸೂಪಿನ ಹಂಡೆ ತರಲು ಹೊರಟಿದ್ದಾರೆ. ಝಾನ್‌ಗೆ ಇಟಾಲಿಯನ್ ಕಲಿಯಬೇಕು. ದಾರಿಯಲ್ಲಿ ಕಿವಿಗೆ ಬಿದ್ದ ಸೂಪು, ಕ್ಯಾಂಪು, ನೀರು ಎಂಬ ಪದಗಳನ್ನು ಅವನು ಆಗಲೇ ಹೆಕ್ಕಿಕೊಂಡು ಬಿಡಿಸಿ ಉಚ್ಚರಿಸುತ್ತಿದ್ದಾನೆ. ಲೆವಿ ಮಾತ್ರ, ಯಾಕೆಂದು ತನಗೂ ತಿಳಿಯದೆ, ಯುಲಿಸಿಸ್ ಮಾತಾಡುವ ನರಕದ 26ನೇ ಸರ್ಗವನ್ನು ಎತ್ತಿಕೊಳ್ಳುತ್ತಾನೆ. ಇರುವುದು ಒಂದು ಗಂಟೆಗಿಂತ ಕಡಿಮೆ ಸಮಯ.

ಈ ಅಧ್ಯಾಯವನ್ನು ಸಾಮಾನ್ಯವಾಗಿ ಮನುಷ್ಯನ ಘನತೆಯ ಸಾಕ್ಷಿಯಾಗಿ ಓದುತ್ತಾರೆ; ಅದು ಸರಿಯೇ. ಆದರೆ ಭಾಷಾಪಾಠವಾಗಿ ಓದಿದವರು ಕಡಿಮೆ. ಲೆವಿ ಒಂದು ಸಣ್ಣ ಕ್ರಿಯಾಪದದ ಮುಂದೆ ಸಿಕ್ಕಿಬೀಳುತ್ತಾನೆ. ಯುಲಿಸಿಸ್ ತನ್ನನ್ನು ತಾನು ತೆರೆದ ಕಡಲಿಗೆ ಒಡ್ಡಿಕೊಳ್ಳುವಲ್ಲಿ ಬರುವುದು 'ಇಡು, ಹಾಕು' ಎನ್ನುವಂಥ ಅತಿ ಸಾಮಾನ್ಯ ಪದ. ಫ್ರೆಂಚಿನಲ್ಲಿ ಅದಕ್ಕೆ ತಕ್ಕದ್ದಿದೆ, ಆದರೂ ಸಾಲದು, ಮೂಲದಲ್ಲಿ ಒಂದು ಸಂಕೋಲೆ ಮುರಿದ ಸದ್ದಿದೆ ಎಂದು ಅವನಿಗೆ ಅನ್ನಿಸುತ್ತದೆ. ಹಾಗೆ ಅನ್ನಿಸಿದ್ದು ಆ ಪದ ಆ ಸಾಲಿನ ಆರಂಭದಲ್ಲಿ, ಆ ಉಸಿರಿನಲ್ಲಿ ಬಂದದ್ದರಿಂದ. ಮುಂದೆ ಸಾಲುಗಳು ಮರೆತುಹೋಗುತ್ತವೆ. ಡಾಂಟೆಯ ಪ್ರತಿ ತ್ರಿಪದಿಯ ನಡುವಿನ ಸಾಲು ಮುಂದಿನ ತ್ರಿಪದಿಗೆ ಪ್ರಾಸ ಕೊಡುತ್ತದೆ. ಒಂದು ಕೊಂಡಿ ಸಿಕ್ಕರೆ ಇನ್ನೊಂದು ಎಳೆದುಕೊಂಡು ಬರಬೇಕು. ಲೆವಿ ಪ್ರಾಸವನ್ನೇ ಹಿಡಿದು ಕಳೆದುಹೋದ ಸಾಲನ್ನು ಜಗ್ಗಿ ನೋಡುತ್ತಾನೆ, ಬರುವುದಿಲ್ಲ. ಆ ಜೋಡಣೆ ಸಿಗುವುದಾದರೆ ಇವತ್ತಿನ ಸೂಪನ್ನೇ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಉಪವಾಸದ ಶಿಬಿರದಲ್ಲಿ ಇದು ಅಲಂಕಾರದ ಮಾತಲ್ಲ. ಅವನಿಗೆ ಪದಗಳೆಲ್ಲ ಗೊತ್ತು; ಬೇಕಾಗಿದ್ದದ್ದು ಕೊಂಡಿ.

ಹಾಸ್ಯನಟ ರೊಬೆರ್ತೊ ಬೆನೀನ್ಯಿ 2006ರಿಂದ ಫ್ಲಾರೆನ್ಸಿನ ಸಾಂತಾ ಕ್ರೋಚೆ ಚೌಕದಲ್ಲಿ ನಡೆಸಿದ ಡಾಂಟೆ ವಾಚನಗಳು ಈ ಕೊಂಡಿಯನ್ನು ಕಾಪಾಡಿದವು. ಮೊದಲು ಆ ದಿನದ ರಾಜಕಾರಣದ ಮೇಲೆ ಗೇಲಿ, ಆಮೇಲೆ ಸರ್ಗವನ್ನು ಬೀದಿಮಾತಿನಲ್ಲಿ ಬಿಡಿಸಿ ಹೇಳುವುದು, ಕೊನೆಗೆ ಇಡೀ ಸರ್ಗ ಕಂಠಪಾಠದಿಂದ, ನಡುವೆ ಎಲ್ಲೂ ನಿಲ್ಲಿಸದೆ. ಅವರ ವಿವರಣೆಯಲ್ಲಿ ಉತ್ಸಾಹ ಅತಿಯಾಯಿತು. ಪ್ರತಿ ಸಾಲೂ ಜಗತ್ತಿನಲ್ಲೇ ಅತಿ ಸುಂದರ ಎನ್ನುವವರ ಮಾತನ್ನು ಹತ್ತನೇ ಸಾಲಿಗೆ ಯಾರೂ ನಂಬುವುದಿಲ್ಲ, ಡಾಂಟೆಯ ಕ್ರೌರ್ಯವೂ ಆ ಪ್ರೀತಿಯ ಮಳೆಯಲ್ಲಿ ತೊಳೆದುಹೋಗುತ್ತದೆ. ಆದರೆ ಕ್ರಮ ಸರಿಯಾದದ್ದು. ಪದ ಬಿಡಿಸಿದ ಮೇಲೆ ಅದನ್ನು ಅದರ ಜಾಗದಲ್ಲೇ ಮತ್ತೆ ಕೇಳಿಸುತ್ತಾರೆ.

ಇಟಾಲಿಯನ್ ಕಲಿಯಲು ಹೊರಟ ಕನ್ನಡಿಗರು ಡಾಂಟೆಯನ್ನು ಮೊದಲ ಸರ್ಗದಿಂದ ಹಿಡಿಯಬೇಕಿಲ್ಲ. ಅಲ್ಲಿ ಕಾಡು, ಮೂರು ಪ್ರಾಣಿ, ಸಂಕೇತಗಳ ಹೊರೆ. ಟಿಪ್ಪಣಿಗಳೇ ಕಾವ್ಯವನ್ನು ತಿಂದುಬಿಡುತ್ತವೆ. ಉಗೊಲಿನೊನ 33ನೇ ಸರ್ಗ ತೆಗೆದುಕೊಳ್ಳಿ. ಬಾಗಿಲು, ಮಗ, ಕೈ, ರೊಟ್ಟಿ, ನಾಲ್ಕನೆಯ ದಿನ, ಇವು ಯಾವ ಆರಂಭಿಕ ಪಠ್ಯದಲ್ಲೂ ಸಿಗುವ ಪದಗಳು. ವ್ಯಾಕರಣ ಕೊಂಚ ಹಳೆಯದು, ಅಷ್ಟೇ. ಅರ್ಥ ಅರ್ಧವಾದರೂ ಮೂರು ಮೂರು ಸಾಲಾಗಿ ಗಟ್ಟಿಯಾಗಿ ಓದಿ, ಆಮೇಲೆ ನಿಘಂಟು ತೆರೆಯಿರಿ.