415ರ ಟ್ಯಾಪು

ಬೀರೂರಿನಲ್ಲಿ ರೈಲು ಹಾದಿ ಕವಲೊಡೆಯುತ್ತದೆ. ಅಜ್ಜಂಪುರದ ಕಡೆ ಹೋದದ್ದು ಹರಿಹರ ಮುಟ್ಟುತ್ತದೆ, ತರೀಕೆರೆಯ ಕಡೆ ಹೋದದ್ದು ಭದ್ರಾವತಿ. ಅಲ್ಲಿ 1923ರಿಂದ ಕಬ್ಬಿಣ ಕರಗಿತು. ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಲೇಥ್‌ಗಳಿಗೆ ಹೆಸರಾಯಿತು. ಪಂಪಿನ ಶಾಫ್ಟ್, ಅಡಿಕೆ ಸುಲಿಯುವ ಯಂತ್ರದ ಬುಶ್ ಕಡೆಯುವ ಹಳೆಯ ಲೇಥ್‌ನ ಬೆಡ್ಡು, ಗೇರು ಗಟ್ಟಿಯಾಗಿಯೇ ಇರುತ್ತವೆ. ಸೊರಗುವುದು ವೈರಿಂಗ್.

ಹೊಸ ಪ್ಯಾನೆಲ್ ಕಟ್ಟುವವರು ಒಂದು ಫೇಸ್, ಒಂದು ನ್ಯೂಟ್ರಲ್ ಎಳೆದು ಮೋಟಾರ್ ಚಾಲೂ ಮಾಡುವ ಕಾಂಟ್ಯಾಕ್ಟರ್‌ನ 230 ವೋಲ್ಟಿನ ಕಾಯಿಲ್ ಓಡಿಸಿಬಿಡುತ್ತಾರೆ. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಆ ಕಾಯಿಲ್‌ಗೆ ಎಷ್ಟು ವೋಲ್ಟ್ ಬಂದೀತೋ ಹೇಳಲಾಗದು. ಎರಡು ಫೇಸ್‌ಗಳ ನಡುವೆ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಕೂರಿಸಿ 110 ವೋಲ್ಟ್ ತೆಗೆದರೆ ನ್ಯೂಟ್ರಲ್‌ನ ಹಂಗೇ ಇಲ್ಲ. ಪ್ರೈಮರಿಯ ಎರಡೂ ವೈರಿಗೆ ಫ್ಯೂಸ್ ಬೇಕು. ಎರಡೂ ಫೇಸೇ ತಾನೆ.

ಟರ್ಮಿನಲ್‌ನಲ್ಲಿ 0, 380, 415, 440 ಎಂದು ಬರೆದಿರುತ್ತದೆ. ಹಳ್ಳಿಯ ಲೈನಿನಲ್ಲಿ ವೋಲ್ಟೇಜ್ ಕುಸಿಯುತ್ತದೆಂದು ಹಲವರು 380ಕ್ಕೆ ಕಟ್ಟುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪಂಪ್‌ಸೆಟ್‌ಗಳೆಲ್ಲ ನಿಂತು ಲೈನ್ 440ಕ್ಕೆ ಏರಿದಾಗ ಕಾಯಿಲ್‌ಗೆ 127 ವೋಲ್ಟ್ ಬೀಳುತ್ತದೆ. ಕಾಂಟ್ಯಾಕ್ಟರ್ ಕಾಯಿಲ್ ತಾಳಬೇಕಾದದ್ದು 110ರ ಮೇಲೆ ನೂರಕ್ಕೆ ಹತ್ತರಷ್ಟು, ಅಂದರೆ 121 ಮಾತ್ರ. 415ಕ್ಕೆ ಕಟ್ಟಿದರೆ ಅದೇ 440ಕ್ಕೆ ಸುಮಾರು 117. ಲೈನ್ 360ಕ್ಕೆ ಇಳಿದರೂ 95. ನೂರಕ್ಕೆ 85ರಷ್ಟು, ಅಂದರೆ 93.5 ವೋಲ್ಟ್ ಸಿಕ್ಕರೆ ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ. ಹಗಲು, ರಾತ್ರಿ ಎರಡು ಹೊತ್ತೂ ಮೀಟರ್ ಹಿಡಿದು ನೋಡಿಯೇ ಟ್ಯಾಪ್ ಆರಿಸಿ. ಬಳಸದ 440ರ ಟರ್ಮಿನಲ್ ಖಾಲಿ ಕಂಡರೂ ಅದರಲ್ಲಿ ಕರೆಂಟ್ ಇರುತ್ತದೆ, ಮುಚ್ಚಳ ಹಾಕಿ.

ಎಲ್ಲಕ್ಕಿಂತ ಮುಖ್ಯವಾದದ್ದು ಸೆಕೆಂಡರಿ. ಅದರ 0 ತುದಿಯನ್ನು ಅರ್ಥ್ ಮಾಡಿದ ಯಂತ್ರದ ಬಾಡಿಗೆ ಸೇರಿಸಿ, 110ರ ತುದಿಗೆ ಫ್ಯೂಸ್ ಹಾಕಬೇಕು. ಕಾಯಿಲ್‌ನ ಒಂದು ಕಾಲು ನೇರ 0ಗೆ. ಸ್ಟಾಪ್, ಸ್ಟಾರ್ಟ್, ಲಿಮಿಟ್ ಸ್ವಿಚ್, ಓವರ್‌ಲೋಡ್ ಕಾಂಟ್ಯಾಕ್ಟ್ ಎಲ್ಲವೂ 110ರ ಕಡೆಗೆ. ಉಕ್ಕಿನ ಸುರುಳಿ ವೈರ್ ಸೀಳಿ ಬೆಡ್ಡಿಗೆ ತಾಗಿದರೆ ಆಗ ಫ್ಯೂಸ್ ಹೋಗುತ್ತದೆ, ಯಂತ್ರ ನಿಲ್ಲುತ್ತದೆ. ಸ್ವಿಚ್‌ಗಳನ್ನು ಕಾಯಿಲ್‌ಗೂ 0ಗೂ ನಡುವೆ ಕಟ್ಟಿದ್ದರೆ, ಅದೇ ತಾಗುವಿಕೆ ಸ್ಟಾರ್ಟ್ ಬಟನ್ ಒತ್ತಿದಂತೆ: ಚಕ್ ತಾನಾಗಿ ತಿರುಗುತ್ತದೆ. ಲೇಥ್ ಓಡಿಸುವ ಹುಡುಗನ ಕೈ ಆಗ ಚಕ್‌ಕೀಯ ಮೇಲೆ ಇರಬಹುದು. 24 ವೋಲ್ಟಿನ ಕಂಟ್ರೋಲ್‌ನಲ್ಲೂ ಈ ಅಪಾಯ ಅಷ್ಟೇ ಇದೆ. ವೋಲ್ಟ್ ಕಡಿಮೆಯಾದ ಮಾತ್ರಕ್ಕೆ ಮೋಟಾರ್ ಚಿಕ್ಕದಾಗುವುದಿಲ್ಲ.

ಹಳೆಯ ಪ್ಯಾನೆಲ್ ಇದ್ದವರು ಮೇನ್ ತೆಗೆದು, ಕಾಯಿಲ್‌ನ ಎರಡೂ ಕಾಲಿನ ವೈರ್ ಎಲ್ಲಿಗೆ ಹೋಗಿದೆಯೆಂದು ಕಂಟಿನ್ಯುಟಿ ಹಿಡಿದು ನೋಡಿ. ಒಂದು ನೇರ 0ಗೆ ಹೋಗಿರದಿದ್ದರೆ ಲೇಥ್ ಓಡಿಸಬೇಡಿ, ಮೊದಲು ಅದನ್ನು ಬದಲಿಸಿ ಕಟ್ಟಿಸಿ.